ಅದಿರಿನಿಂದ ಲೋಹಕ್ಕೆ: ಅಪಕರ್ಷಣದ ಮಿತವ್ಯಯದ ಮಾರ್ಗಗಳು

ಶುದ್ಧ ಹೆಮಟೈಟ್ ಅದಿರಿನ ತೂಕದಲ್ಲಿ ಶೇಕಡಾ 70 ಭಾಗ ಕಬ್ಬಿಣ, 30 ಭಾಗ ಆಮ್ಲಜನಕ. ಈ ಆಮ್ಲಜನಕವನ್ನು ಕಬ್ಬಿಣದಿಂದ ಬೇರ್ಪಡಿಸುವ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಅಪಕರ್ಷಣ ಎಂದು ಹೆಸರು. ಉಕ್ಕು, ಅಲ್ಯೂಮಿನಿಯಂ ಮುಂತಾದ ಲೋಹಗಳ ಬೆಲೆಯ ಬಹುಭಾಗ ನಿರ್ಧಾರವಾಗುವುದು ಈ ಒಂದು ಹಂತದಲ್ಲಿ. ಹೀಗಿದ್ದರೂ ಲೋಹವನ್ನು ಕೊಂಡು ನಟ್ಟು, ಬೋಲ್ಟು, ಪೈಪು, ಯಂತ್ರಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳು ಅದು ಯಾವ ಮಾರ್ಗದಿಂದ ಬಂದಿತೆಂದು ವಿಚಾರಿಸುವ ಪ್ರಮೇಯ ಇದುವರೆಗೆ ಹೆಚ್ಚಾಗಿ ಬಂದಿರಲಿಲ್ಲ. ಈಗ ಬಂದಿದೆ. ಅದಕ್ಕೆ ಕಾರಣವನ್ನು ಲೇಖನದ ಕೊನೆಯಲ್ಲಿ ನೋಡೋಣ. ಮೊದಲು ಕ್ರಿಯೆಯ ಸ್ವರೂಪವನ್ನು ತಿಳಿಯುವುದು ಅವಶ್ಯಕ.

ಕೋಕ್ ಮಾಡುವ ಮೂರು ಕೆಲಸಗಳು

ಊದುಕುಲುಮೆಯಲ್ಲಿ ಕೋಕ್ ಏಕಕಾಲಕ್ಕೆ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಅದು ಉರಿದು ಶಾಖ ನೀಡುವ ಇಂಧನ. ಎರಡನೆಯದಾಗಿ, ಅದರಿಂದ ಉಂಟಾಗುವ ಇಂಗಾಲದ ಮಾನಾಕ್ಸೈಡ್ ಅನಿಲವು ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುವ ಅಪಕರ್ಷಕ. ಮೂರನೆಯದಾಗಿ, ಗಟ್ಟಿಯಾದ ಕೋಕ್ ತುಂಡುಗಳು ಮೇಲಿನ ಅದಿರಿನ ಭಾರವನ್ನು ಹೊತ್ತು, ಅನಿಲ ಮೇಲೇರಲು ದಾರಿ ಬಿಡುವ ಆಧಾರ.

ಈ ಮೂರು ಕೆಲಸಗಳನ್ನು ಬಿಡಿಸಿ ನೋಡಿದರೆ ವ್ಯಯದ ಲೆಕ್ಕ ಸ್ಪಷ್ಟವಾಗುತ್ತದೆ. ಒಂದು ಟನ್ ಕಬ್ಬಿಣಕ್ಕೆ ಅಂಟಿಕೊಂಡ ಆಮ್ಲಜನಕವನ್ನು ತೆಗೆಯಲು, ಇಂಗಾಲವೆಲ್ಲವೂ ಪೂರ್ಣವಾಗಿ ಇಂಗಾಲದ ಡೈಆಕ್ಸೈಡ್ ಆಗುವುದಾದರೆ, ಸುಮಾರು 161 ಕಿಲೋಗ್ರಾಂ ಇಂಗಾಲ ಸಾಕು. ಅದು ಮಾನಾಕ್ಸೈಡ್ ಹಂತದಲ್ಲಿಯೇ ಹೊರಟುಹೋದರೆ ಸುಮಾರು 322 ಕಿಲೋಗ್ರಾಂ ಬೇಕು. ವಾಸ್ತವದಲ್ಲಿ ಉತ್ತಮ ಊದುಕುಲುಮೆಯೂ ಕೋಕ್ ಮತ್ತು ಕಲ್ಲಿದ್ದಲಿನ ಪುಡಿ ಸೇರಿ ಟನ್ನಿಗೆ ಸುಮಾರು 500 ಕಿಲೋಗ್ರಾಂ ಬಳಸುತ್ತದೆ. ಈ ವ್ಯತ್ಯಾಸವು ಶಾಖಕ್ಕಾಗಿ ಹಾಗೂ ಪೂರ್ಣವಾಗಿ ಉಪಯೋಗವಾಗದೆ ಹೊರಬೀಳುವ ಅನಿಲಕ್ಕಾಗಿ ಆಗುವ ಖರ್ಚು. ಕಳೆದ ನೂರು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಸುಧಾರಣೆಗಳ ತಿರುಳು ಒಂದೇ: ಕೋಕ್ ಹೊತ್ತಿದ್ದ ಮೂರು ಕೆಲಸಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ಅಗ್ಗವಾದ ಅಥವಾ ಶುದ್ಧವಾದ ಬದಲಿಯನ್ನು ಒದಗಿಸುವುದು.

ಭದ್ರಾವತಿಯ ಪಾಠ

ನಮ್ಮ ನಾಡಿನಲ್ಲಿಯೇ ಇದಕ್ಕೆ ಉತ್ತಮ ನಿದರ್ಶನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಹತ್ತಿರದಲ್ಲಿ ಅದಿರಿತ್ತು, ಆದರೆ ಕೋಕ್ ಆಗಬಲ್ಲ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಮರದ ಇದ್ದಿಲನ್ನೇ ಊದುಕುಲುಮೆಗೆ ಬಳಸಲಾಯಿತು. ಇದ್ದಿಲು ಸುಡುವಾಗ ಹೊರಡುವ ಹೊಗೆಯನ್ನು ವ್ಯರ್ಥಗೊಳಿಸದೆ ಮರದ ಬಟ್ಟಿ ಇಳಿಸುವ ಘಟಕದ ಮೂಲಕ ಉಪೋತ್ಪನ್ನಗಳನ್ನು ಪಡೆಯಲಾಗುತ್ತಿತ್ತು.

ಮುಂದೆ ಜೋಗದ ಜಲವಿದ್ಯುತ್ ಒದಗಿದ ಬಳಿಕ, 1950ರ ದಶಕದಲ್ಲಿ, ಅಲ್ಲಿ ಬೀಡುಕಬ್ಬಿಣ ತಯಾರಿಸುವ ವಿದ್ಯುತ್ ಕುಲುಮೆಗಳು ಬಂದವು. ಇದರ ಮಹತ್ವವನ್ನು ಗಮನಿಸಬೇಕು. ವಿದ್ಯುತ್ ಕುಲುಮೆಯಲ್ಲಿ ಶಾಖದ ಹೊಣೆಯನ್ನು ವಿದ್ಯುತ್ತು ವಹಿಸಿಕೊಳ್ಳುತ್ತದೆ, ಇಂಗಾಲಕ್ಕೆ ಮುಖ್ಯವಾಗಿ ಅಪಕರ್ಷಣದ ಕೆಲಸ ಮಾತ್ರ ಉಳಿಯುತ್ತದೆ. ಹೀಗೆ ಮೂರು ಕೆಲಸಗಳಲ್ಲಿ ಒಂದು ಬೇರೆಯಾಯಿತು.

ತೋರಣಗಲ್ಲಿನ ಕೋರೆಕ್ಸ್ ವಿಧಾನ

ಎರಡನೆಯ ಹೆಜ್ಜೆ ಬಳ್ಳಾರಿ ಸೀಮೆಯದು. ತೋರಣಗಲ್ಲಿನ ಜಿಂದಾಲ್ ವಿಜಯನಗರ ಉಕ್ಕಿನ ಕಾರ್ಖಾನೆಯಲ್ಲಿ 1999ರಲ್ಲಿ ಕೋರೆಕ್ಸ್ ಘಟಕ ಚಾಲನೆಗೊಂಡಿತು. ಇದರಲ್ಲಿ ಎರಡು ಪಾತ್ರೆಗಳಿವೆ. ಮೇಲಿನ ಪಾತ್ರೆಯಲ್ಲಿ ಬಿಸಿ ಅನಿಲದಿಂದ ಅದಿರು ಘನರೂಪದಲ್ಲಿಯೇ ಬಹುಮಟ್ಟಿಗೆ ಲೋಹವಾಗುತ್ತದೆ. ಕೆಳಗಿನ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಶುದ್ಧ ಆಮ್ಲಜನಕದಲ್ಲಿ ಉರಿಸಿ, ಆ ಲೋಹವನ್ನು ಕರಗಿಸುವುದರ ಜೊತೆಗೆ ಮೇಲಿನ ಪಾತ್ರೆಗೆ ಬೇಕಾದ ಅನಿಲವನ್ನೂ ತಯಾರಿಸಲಾಗುತ್ತದೆ. ಅಪಕರ್ಷಣ ಮತ್ತು ಕರಗಿಸುವಿಕೆ ಬೇರೆ ಬೇರೆಯಾದುದರಿಂದ ಬಹುಪಾಲು ಕೋಕ್ ಆಗದ ಸಾಮಾನ್ಯ ಕಲ್ಲಿದ್ದಲೇ ಸಾಕಾಗುತ್ತದೆ. ಅಲ್ಪ ಪ್ರಮಾಣದ ಕೋಕ್ ಮಾತ್ರ ಬೇಕು.

ಈ ವಿಧಾನದಿಂದ ಹೊರಬರುವ ಅನಿಲದಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ವಿದ್ಯುತ್ ಉತ್ಪಾದನೆಗೆ ಬಳಸಲಾಯಿತು. ನಂತರ 2014ರಲ್ಲಿ ಅದೇ ಅನಿಲದಿಂದ ಸ್ಪಾಂಜ್ ಕಬ್ಬಿಣ ತಯಾರಿಸುವ ಘಟಕವೂ ಅಲ್ಲಿ ಆರಂಭವಾಯಿತು. ಕೋರೆಕ್ಸ್ ಲಾಭದಾಯಕವಾಗುವುದು ಈ ಅನಿಲಕ್ಕೆ ಉಪಯೋಗ ದೊರೆತಾಗಲೇ. ಅಪಕರ್ಷಣದ ದಕ್ಷತೆಯನ್ನು ಕುಲುಮೆಯೊಳಗೆ ಮಾತ್ರವಲ್ಲದೆ ಅದರ ಚಿಮಣಿಯ ಬಳಿಯೂ ಅಳೆಯಬೇಕೆಂಬುದಕ್ಕೆ ಇದು ಸಾಕ್ಷಿ.

ಜಲಜನಕ: ಆಸೆ ಮತ್ತು ಲೆಕ್ಕ

ಮೂರನೆಯ ಹೆಜ್ಜೆ ಅಪಕರ್ಷಣದಿಂದಲೇ ಇಂಗಾಲವನ್ನು ದೂರವಿಡುವುದು. ಇಂಗಾಲದ ಬದಲು ಜಲಜನಕವನ್ನು ಬಳಸಿದರೆ ಹೊರಬರುವುದು ನೀರಿನ ಆವಿ ಮಾತ್ರ. ಸ್ವೀಡನ್ನಿನ ಲೂಲಿಯೊ ಪಟ್ಟಣದಲ್ಲಿ ಹೈಬ್ರಿಟ್ ಯೋಜನೆಯ ಪ್ರಾಯೋಗಿಕ ಘಟಕ 2020ರಲ್ಲಿ ಆರಂಭವಾಗಿ, 2021ರಲ್ಲಿ ಜಲಜನಕದಿಂದ ಸ್ಪಾಂಜ್ ಕಬ್ಬಿಣವನ್ನು ತಯಾರಿಸಿ ತೋರಿಸಿತು. ಭಾರತ ಸರ್ಕಾರವೂ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು.

ಆದರೆ ವ್ಯಾಪಾರಿಯು ಲೆಕ್ಕವನ್ನೂ ನೋಡಬೇಕು. ಒಂದು ಟನ್ ಕಬ್ಬಿಣಕ್ಕೆ ಸೈದ್ಧಾಂತಿಕವಾಗಿ ಸುಮಾರು 54 ಕಿಲೋಗ್ರಾಂ ಜಲಜನಕ ಬೇಕು. ನೀರಿನ ವಿದ್ಯುದ್ವಿಭಜನೆಯಿಂದ ಒಂದು ಕಿಲೋಗ್ರಾಂ ಜಲಜನಕ ಪಡೆಯಲು 50 ಯೂನಿಟ್ ಎಂದು ಹಿಡಿದರೂ ಒಟ್ಟು 2,700 ಯೂನಿಟ್ ಆಗುತ್ತದೆ. ವಿದ್ಯುತ್ ದರ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ, ಅಪಕರ್ಷಕದ ವೆಚ್ಚವೇ ಟನ್ನಿಗೆ 16,200 ರೂಪಾಯಿ. ಇದರ ಮೇಲೆ, ಜಲಜನಕದ ಕ್ರಿಯೆ ಶಾಖವನ್ನು ಹೀರಿಕೊಳ್ಳುವಂಥದ್ದಾದುದರಿಂದ ಹೊರಗಿನಿಂದ ಶಾಖವನ್ನೂ ಒದಗಿಸಬೇಕು. ಹೀಗಾಗಿ ಅಗ್ಗದ ಸೌರ, ಪವನ ಅಥವಾ ಜಲವಿದ್ಯುತ್ ಸಿಗುವ ಪ್ರದೇಶಗಳಿಗೆ ಮಾತ್ರ ಈ ಮಾರ್ಗ ಮೊದಲು ತೆರೆದುಕೊಳ್ಳುತ್ತದೆ.

ಅಲ್ಯೂಮಿನಿಯಂ: ವಿದ್ಯುತ್ತೇ ಅಪಕರ್ಷಕ

ಅಲ್ಯೂಮಿನಿಯಂ ಆಮ್ಲಜನಕವನ್ನು ಬಹಳ ಬಿಗಿಯಾಗಿ ಹಿಡಿದಿರುತ್ತದೆ. ಕೋಕ್‌ನಿಂದ ಅದನ್ನು ಬಿಡಿಸಲು 2,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಈ ತೊಡಕನ್ನು 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ಪ್ರತ್ಯೇಕವಾಗಿ ಪರಿಹರಿಸಿದರು. ಕರಗಿದ ಕ್ರಯೊಲೈಟ್‌ನಲ್ಲಿ ಅಲ್ಯೂಮಿನಾವನ್ನು ವಿಲೀನಗೊಳಿಸಿ ವಿದ್ಯುತ್ ಹರಿಸುವ ಅವರ ವಿಧಾನವೇ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ದಕ್ಷತೆಯ ಪ್ರಶ್ನೆ ಪೂರ್ಣವಾಗಿ ವಿದ್ಯುತ್ ಎಂಜಿನಿಯರಿನ ಪ್ರಶ್ನೆ. ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ಪಡೆಯಲು ಕನಿಷ್ಠ 2,980 ಆಂಪೇರ್-ಗಂಟೆಗಳಷ್ಟು ವಿದ್ಯುತ್ ಹರಿಯಲೇಬೇಕು. ಇದು ಪ್ರಕೃತಿನಿಯಮ, ಇದರಲ್ಲಿ ಉಳಿತಾಯವಿಲ್ಲ. ಉಳಿತಾಯವಿರುವುದು ವೋಲ್ಟೇಜಿನಲ್ಲಿ. ವಿಭಜನಾ ಕೋಶವು ಸುಮಾರು 4.2 ವೋಲ್ಟಿನಲ್ಲಿ ನಡೆಯುತ್ತದೆ. ಹರಿದ ವಿದ್ಯುತ್ತಿನ ಶೇಕಡಾ 94 ಭಾಗ ಸಾರ್ಥಕವಾದರೆ ಟನ್ನಿಗೆ ಸುಮಾರು 13,300 ಯೂನಿಟ್ ಖರ್ಚಾಗುತ್ತದೆ. ಇಂಗಾಲದ ಧನಾಗ್ರ ಬಳಸಿದಾಗ ಸೈದ್ಧಾಂತಿಕ ಕನಿಷ್ಠ ಸುಮಾರು 6,300 ಯೂನಿಟ್. ಮಿಕ್ಕಿದ್ದೆಲ್ಲ ಬಹುಪಾಲು ಶಾಖವಾಗಿ ಹೋಗುತ್ತದೆ. ಧನಾಗ್ರಕ್ಕೂ ಕೆಳಗಿನ ಕರಗಿದ ಲೋಹಕ್ಕೂ ನಡುವಿನ ಅಂತರ ಕೆಲವೇ ಸೆಂಟಿಮೀಟರ್. ಈ ಅಂತರವನ್ನು ತಗ್ಗಿಸಿ, ಜೋಡಣೆಗಳ ರೋಧವನ್ನು ಇಳಿಸಿ 0.1 ವೋಲ್ಟ್ ಉಳಿಸಿದರೂ ಟನ್ನಿಗೆ 300 ಯೂನಿಟ್‌ಗೂ ಹೆಚ್ಚು ಉಳಿತಾಯ. ಆದರೆ ಅಂತರ ಅತಿಯಾಗಿ ಕಡಿಮೆಯಾದರೆ, ಕಾಂತಕ್ಷೇತ್ರದಿಂದ ಅಲುಗುವ ಲೋಹ ಧನಾಗ್ರವನ್ನು ಮುಟ್ಟುವ ಭಯವಿದೆ. ಆದ್ದರಿಂದ ವಿದ್ಯುತ್ ಸಾಗಿಸುವ ಪಟ್ಟಿಗಳನ್ನು ಕಾಂತಕ್ಷೇತ್ರ ಸಮತೋಲನಗೊಳ್ಳುವಂತೆ ಜೋಡಿಸುವುದೇ ಒಂದು ವಿದ್ಯೆಯಾಗಿದೆ.

ಬೆಳಗಾವಿಯಲ್ಲಿ ಹಿಂದೆ ಇಂಡಾಲ್ ಕಂಪನಿಯ ಅಲ್ಯೂಮಿನಿಯಂ ಘಟಕವಿತ್ತು. ಇಂದು ಅಲ್ಲಿ ಉಳಿದಿರುವುದು ಅಲ್ಯೂಮಿನಾ ತಯಾರಿಕೆ. ಬಾಕ್ಸೈಟ್ ಇದ್ದರೆ ಸಾಲದು, ಅಗ್ಗದ ಮತ್ತು ನಿರಂತರ ವಿದ್ಯುತ್ ಇರುವಲ್ಲಿಯೇ ಈ ಲೋಹದ ಉದ್ಯಮ ನೆಲೆ ನಿಲ್ಲುತ್ತದೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಬಳಸಿದರೆ ಹೊಸ ಲೋಹಕ್ಕೆ ಬೇಕಾದ ಶಕ್ತಿಯ ಸುಮಾರು ಶೇಕಡಾ 5ರಷ್ಟು ಮಾತ್ರ ಸಾಕು. ಒಮ್ಮೆ ಆದ ಅಪಕರ್ಷಣವನ್ನು ಮತ್ತೆ ಮಾಡಬೇಕಾಗಿಲ್ಲವೆಂಬುದೇ ಗುಜರಿಯ ನಿಜವಾದ ಬೆಲೆ.

ಸಣ್ಣ ಕುಲುಮೆಗಳ ಲೆಕ್ಕ

ಇಂಡಕ್ಷನ್ ಕುಲುಮೆ ನಡೆಸುವವರು ತಾವು ಕರಗಿಸುತ್ತೇವೆಯೇ ಹೊರತು ಅಪಕರ್ಷಣ ಮಾಡುವುದಿಲ್ಲವೆಂದು ಭಾವಿಸುವುದುಂಟು. ಇದು ಪೂರ್ಣ ಸತ್ಯವಲ್ಲ. ಸ್ಪಾಂಜ್ ಕಬ್ಬಿಣದ ಒಟ್ಟು ಕಬ್ಬಿಣಾಂಶದಲ್ಲಿ ಎಷ್ಟು ಪಾಲು ನಿಜವಾಗಿ ಲೋಹರೂಪಕ್ಕೆ ಬಂದಿದೆ ಎಂಬುದನ್ನು ಲೋಹೀಕರಣ ಎನ್ನುತ್ತಾರೆ. ಒಂದು ಟನ್ ಸ್ಪಾಂಜ್ ಕಬ್ಬಿಣದಲ್ಲಿ 900 ಕಿಲೋಗ್ರಾಂ ಕಬ್ಬಿಣಾಂಶವಿದೆ ಎಂದಿಟ್ಟುಕೊಳ್ಳೋಣ. ಲೋಹೀಕರಣ ಶೇಕಡಾ 92 ಆದರೆ ಲೋಹ 828 ಕಿಲೋಗ್ರಾಂ. ಶೇಕಡಾ 80 ಆದರೆ 720 ಕಿಲೋಗ್ರಾಂ. ಈ 108 ಕಿಲೋಗ್ರಾಂ ವ್ಯತ್ಯಾಸ ಆಕ್ಸೈಡಾಗಿಯೇ ಕುಲುಮೆಗೆ ಬರುತ್ತದೆ. ಅದರ ಒಂದು ಭಾಗವನ್ನು ಅಪಕರ್ಷಿಸಲು ದುಬಾರಿ ವಿದ್ಯುತ್ ವ್ಯಯವಾಗುತ್ತದೆ, ಉಳಿದದ್ದು ಕಿಟ್ಟದೊಡನೆ ಹೊರಟುಹೋಗುತ್ತದೆ. ತುಕ್ಕು ಹಿಡಿದ ಗುಜರಿಗೂ ಇದೇ ಮಾತು ಅನ್ವಯಿಸುತ್ತದೆ. ದರ ಮಾತ್ರ ನೋಡಿ ಕೊಳ್ಳುವವರು ಈ ನಷ್ಟವನ್ನು ವಿದ್ಯುತ್ ಬಿಲ್ಲಿನಲ್ಲಿ ಕಾಣುತ್ತಾರೆ.

ರಫ್ತಿನ ಮೇಲಿನ ಪರಿಣಾಮ

ಲೋಹ ತಯಾರಾದ ಮಾರ್ಗವನ್ನು ಈಗ ವಿಚಾರಿಸಲೇಬೇಕಾದ ಕಾರಣ ಇಲ್ಲಿದೆ. ಯುರೋಪಿಯನ್ ಒಕ್ಕೂಟದ ಗಡಿ ಇಂಗಾಲ ಸುಂಕ ವ್ಯವಸ್ಥೆ 2023ರ ಅಕ್ಟೋಬರಿನಿಂದ ವರದಿ ಸಲ್ಲಿಕೆಯ ಹಂತದಲ್ಲಿದ್ದು, 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಮಾತ್ರವಲ್ಲದೆ ಉಕ್ಕಿನ ಪೈಪು, ನಟ್ಟು, ಬೋಲ್ಟು ಮುಂತಾದ ಸರಕುಗಳೂ ಇದರ ವ್ಯಾಪ್ತಿಗೆ ಸೇರಿವೆ. ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ಆಮದು ಮಾಡಿಕೊಳ್ಳುವ ಅಲ್ಲಿನ ಆಮದುದಾರರಿಗೆ ವಿನಾಯಿತಿ ಇದೆ. ಉಕ್ಕಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ನೇರ ಹೊರಸೂಸುವಿಕೆ. ತಯಾರಕರು ಕೊಂಡ ಕಚ್ಚಾ ಉಕ್ಕಿನೊಳಗೆ ಅಡಗಿರುವ ಹೊರೆಯೂ ಇದರಲ್ಲಿ ಸೇರುತ್ತದೆ. ಅಂದರೆ ಬೋಲ್ಟು ತಯಾರಿಸುವವರ ಶೆಡ್ಡಿನಲ್ಲಿ ಹೊಗೆ ಏಳದಿದ್ದರೂ, ಆ ಉಕ್ಕು ಹುಟ್ಟಿದ ಕುಲುಮೆಯ ಹೊಗೆ ಅವರ ಲೆಕ್ಕಕ್ಕೆ ಬರುತ್ತದೆ.

ನಮ್ಮ ದೇಶದಲ್ಲಿಯೂ ಉಕ್ಕು ಸಚಿವಾಲಯ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿನ ವರ್ಗೀಕರಣವನ್ನು ಪ್ರಕಟಿಸಿತು. ಒಂದು ಟನ್ ಸಿದ್ಧ ಉಕ್ಕಿಗೆ ಇಂಗಾಲದ ಡೈಆಕ್ಸೈಡಿನ ಹೊರೆ 2.2 ಟನ್ನಿಗಿಂತ ಕಡಿಮೆಯಿದ್ದರೆ ಹಸಿರು ಉಕ್ಕು. 1.6 ಟನ್ನಿಗಿಂತ ಕಡಿಮೆಯಿದ್ದರೆ ಐದು ನಕ್ಷತ್ರಗಳ ದರ್ಜೆ.

ಆದುದರಿಂದ ಸದಸ್ಯ ಉದ್ಯಮಿಗಳು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

1. ಉಕ್ಕು ಕೊಳ್ಳುವಾಗ ಅದು ಊದುಕುಲುಮೆಯದೋ, ಕಲ್ಲಿದ್ದಲಿನ ಸ್ಪಾಂಜ್ ಕಬ್ಬಿಣದ್ದೋ, ಗುಜರಿಯದೋ ಎಂಬುದನ್ನು ಬರಹದಲ್ಲಿ ಪಡೆಯಬೇಕು.

2. ಸರಬರಾಜುದಾರರಿಂದ ಟನ್ನುವಾರು ಹೊರಸೂಸುವಿಕೆಯ ನೈಜ ಅಂಕಿಗಳನ್ನು ಕೇಳಬೇಕು. ನೈಜ ಅಂಕಿಗಳಿಲ್ಲದಿದ್ದರೆ ಒಕ್ಕೂಟ ನಿಗದಿಪಡಿಸಿದ ಮೌಲ್ಯಗಳೇ ಅನ್ವಯವಾಗುತ್ತವೆ.

3. ಸ್ಪಾಂಜ್ ಕಬ್ಬಿಣದ ಪ್ರತಿ ಲಾರಿಗೂ ಲೋಹೀಕರಣದ ಪರೀಕ್ಷಾ ವರದಿ ಇರಬೇಕು.

4. ತಮ್ಮ ಕುಲುಮೆಯ ಟನ್ನುವಾರು ವಿದ್ಯುತ್ ಬಳಕೆಯನ್ನು ದಿನನಿತ್ಯ ಬರೆದಿಡಬೇಕು. ಉಕ್ಕನ್ನು 1,600 ಡಿಗ್ರಿಗೆ ಕಾಯಿಸಿ ಕರಗಿಸಲು ಸೈದ್ಧಾಂತಿಕವಾಗಿ ಸುಮಾರು 385 ಯೂನಿಟ್ ಸಾಕು. ಅದಕ್ಕಿಂತ ತಾವು ಎಷ್ಟು ಮುಂದೆ ಹೋಗಿದ್ದೇವೆಂಬುದು ಇದರಿಂದ ತಿಳಿಯುತ್ತದೆ.

ಭದ್ರಾವತಿಯಲ್ಲಿ ಕೋಕ್ ಇಲ್ಲವೆಂಬ ಕೊರತೆಯೇ ಇದ್ದಿಲಿಗೂ, ಅನಂತರ ವಿದ್ಯುತ್ತಿಗೂ ದಾರಿ ತೋರಿತು. ಇಂದಿನ ಇಂಗಾಲದ ಲೆಕ್ಕವೂ ಅಂಥದೇ ಒಂದು ಒತ್ತಡ. ತಾವು ಕೊಳ್ಳುವ ಲೋಹದ ಹುಟ್ಟನ್ನು ಬಲ್ಲ ಉದ್ಯಮಿಗೆ ಅದನ್ನು ಎದುರಿಸುವ ದಾರಿ ಮೊದಲು ಕಾಣುವುದು.