ದಾಳ ಉರುಳದಿದ್ದರೆ ಯಾರನ್ನು ಹಿಡಿಯಬೇಕು?

ಪ್ರಶ್ನೆ: ನಾನು ಕಲ್ಯಾಣದುರ್ಗದ ಹತ್ತಿರದ ಸೆಟ್ಟೂರಿನವನು. ಭಾನುವಾರ ರಾತ್ರಿ ಬೆಂಗಳೂರು, ಬಳ್ಳಾರಿಯ ಗೆಳೆಯರ ಜತೆ ಒಂದು ಆನ್‌ಲೈನ್ ತಾಣದಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತೇನೆ. ಈಚೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಎರಡು ತೊಂದರೆ. ದಾಳ ಹಾಕುವ ಕಮಾಂಡ್ ಟೈಪ್ ಮಾಡಿದರೆ ದಾಳ ಉರುಳುವ ಬದಲು ಅದೇ ಒಂದು ಮೆಸೇಜ್ ಆಗಿ ಹೋಗುತ್ತದೆ. ನನ್ನ ಪಾತ್ರಕ್ಕೆ ಏಟು ಬಿದ್ದು ‘ಹಿಟ್ ಪಾಯಿಂಟ್’ (ಉಳಿದ ಜೀವಬಲದ ಅಂಕಿ) 7ಕ್ಕೆ ಇಳಿದಿದೆ ಎಂದು ಎಲ್ಲರೂ ಹೇಳಿದರೂ ನನಗೆ 18 ಎಂದೇ ಕಾಣುತ್ತದೆ. ಕ್ರೋಮ್‌ನ ಇನ್‌ಕಾಗ್ನಿಟೋ ವಿಂಡೋದಲ್ಲಿ ಎರಡೂ ಸರಿ ಇರುತ್ತವೆ. ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳದ್ದೇ ಕಿತಾಪತಿ ಎಂದು ಎಲ್ಲವನ್ನೂ ಆಫ್ ಮಾಡಿ ನೋಡಿದೆ. ದಾಳ ಸರಿಹೋಯಿತು, ಅಂಕಿ ಸರಿಹೋಗಲಿಲ್ಲ. ಇದ್ಯಾವ ಲೆಕ್ಕ?

ಉತ್ತರ: ನೀವು ಅರ್ಧ ಕೆಲಸ ಆಗಲೇ ಮುಗಿಸಿದ್ದೀರಿ. ನಿಮ್ಮಲ್ಲಿರುವುದು ಒಂದು ರೋಗವಲ್ಲ, ಎರಡು. ಒಂದೇ ಹೊತ್ತಿಗೆ ಕಣ್ಣಿಗೆ ಬಿದ್ದಿದ್ದರಿಂದ ಒಂದೇ ಎಂದುಕೊಂಡಿರಿ, ಅಷ್ಟೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ, ಗೆದ್ದೆವೋ ಸೋತೆವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮೂಲತಃ ಒಂದೇ ಮೇಜಿನ ಸುತ್ತ ಕೂತು ಆಡುವ ಆಟ. ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದ ಮೂವರು ಅಮೆರಿಕನ್ನರು, ಬೇರೆ ಬೇರೆ ಊರು ಸೇರಿದ ಮೇಲೂ ಆಟ ನಿಲ್ಲಬಾರದು ಎಂದು 2012ರಲ್ಲಿ ರೋಲ್20 ಎಂಬ ತಾಣ ಮಾಡಿದರು. 2020ರಲ್ಲಿ ಫೌಂಡ್ರಿ ಬಂತು. ಈ ಎರಡರಲ್ಲೂ ಚಾಟ್ ಪೆಟ್ಟಿಗೆಯಲ್ಲಿ ಬರೆದೇ ದಾಳ ಹಾಕಬಹುದು: ಮೊದಲು ಓರೆಗೆರೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನಲ್ಲಿ ‘ರೋಲ್’, ಒಂದು ಸ್ಪೇಸ್, ಆಮೇಲೆ ‘1ಡಿ20’, ಅಂದರೆ ಇಪ್ಪತ್ತು ಮುಖದ ಒಂದು ದಾಳ. ನಿಮ್ಮ ತಾಣದಲ್ಲೂ ಹೆಚ್ಚುಕಮ್ಮಿ ಹೀಗೇ ಇರಬೇಕು.

ಈಗ ದಾಳದ ವಿಷಯ. ನೀವು ಕನ್ನಡವನ್ನೋ ತೆಲುಗನ್ನೋ ಇಂಗ್ಲಿಷ್ ಅಕ್ಷರ ಕುಟ್ಟಿ ಬರೆಯುವ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದೀರಿ ಎಂದು ನನ್ನ ಅನುಮಾನ. ಮನೆಯಲ್ಲಿ ಕನ್ನಡ, ಕಚೇರಿಯ ಅರ್ಜಿಗೆ ತೆಲುಗು, ಆಟಕ್ಕೆ ಇಂಗ್ಲಿಷ್ ಎಂದಿರುವ ಆಂಧ್ರದ ಗಡಿಯ ಸೆಟ್ಟೂರು, ರಾಯದುರ್ಗ, ಮಡಕಶಿರಾ ಕಡೆ ಅದಿಲ್ಲದ ಲ್ಯಾಪ್‌ಟಾಪ್ ಇದ್ದರೇ ಆಶ್ಚರ್ಯ. ಅದು ಆನ್ ಇದ್ದಾಗ ನೀವು ಸ್ಪೇಸ್ ಒತ್ತಿದೊಡನೆ ಇಂಗ್ಲಿಷ್ ‘ರೋಲ್’ ಕನ್ನಡ ‘ರೋಲ್’ ಆಗಿಬಿಡುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾದರೂ ಆಟದ ಭರದಲ್ಲಿ ಎಂಟರ್ ಒತ್ತಿರುತ್ತೀರಿ. ತಾಣಕ್ಕೆ ಅದು ಕಮಾಂಡ್ ಅಲ್ಲ, ಬರೀ ಮಾತು. ಹಾಗಾಗಿ ಮಾತಿನಂತೆಯೇ ಎಲ್ಲರಿಗೂ ಹಂಚುತ್ತದೆ. ಇಂಗ್ಲಿಷ್ ವ್ಯಾಕರಣ ತಿದ್ದುವ ಎಕ್ಸ್‌ಟೆನ್ಷನ್‌ಗಳೂ ಇದೇ ಚಾಟ್ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತವೆ.

ಎಕ್ಸ್‌ಟೆನ್ಷನ್‌ಗೆ ಇಷ್ಟು ಸಲಿಗೆ ಕೊಟ್ಟವರು ಯಾರು ಎಂದರೆ ನಾವೇ. ಹಾಕಿಕೊಳ್ಳುವಾಗ ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಡೇಟಾ ಓದಲು ಮತ್ತು ಬದಲಿಸಲು’ ಎಂದು ಬ್ರೌಸರ್ ಕೇಳುತ್ತದೆ, ನಾವು ಓದದೆ ಒಪ್ಪಿರುತ್ತೇವೆ. ಅಲ್ಲಿಂದ ಮುಂದೆ ಪ್ರತಿ ಪುಟ ತೆರೆದಾಗಲೂ ಅದರ ಸ್ಕ್ರಿಪ್ಟ್ ಆ ಪುಟದೊಳಗೆ ಹೊಕ್ಕಿರುತ್ತದೆ. ಜಗಲಿಯ ಮೇಲೆ ಚೌಕಾಬಾರ ಆಡುವಾಗ ಪಕ್ಕದಲ್ಲಿ ಕೂತವನೊಬ್ಬ ‘ಚೆನ್ನಾಗಿ ಕಾಣಲಿ’ ಎಂದು ಕಾಯಿ ಸರಿಸುತ್ತಿದ್ದ ಹಾಗೆ. ಅವನಿಗೆ ಕೆಟ್ಟ ಬುದ್ಧಿ ಇಲ್ಲ, ಆಟ ಮಾತ್ರ ಕೆಡುತ್ತದೆ.

ಅಂಕಿಯದ್ದು ಇದಕ್ಕಿಂತ ಸ್ವಾರಸ್ಯದ ಕಥೆ. ಎಲ್ಲ ಎಕ್ಸ್‌ಟೆನ್ಷನ್ ಆಫ್ ಆದರೂ 18 ಹಾಗೇ ನಿಂತಿತು, ಇನ್‌ಕಾಗ್ನಿಟೋದಲ್ಲಿ ಸರಿಹೋಯಿತು. ಇನ್‌ಕಾಗ್ನಿಟೋ ಎಂದರೆ ಎಕ್ಸ್‌ಟೆನ್ಷನ್ ಇಲ್ಲದ ಬ್ರೌಸರ್ ಎಂದಷ್ಟೇ ಅನೇಕರು ತಿಳಿದಿದ್ದಾರೆ. ಅಲ್ಲಿ ಹಳೆಯ ಕುಕಿಗಳೂ ಇರುವುದಿಲ್ಲ. ಇನ್ನೂ ಒಂದು ಇರುವುದಿಲ್ಲ: ಕ್ರೋಮ್‌ನ ತಾನೇ ತಾನಾಗಿ ಅನುವಾದಿಸುವ ಚಾಳಿ. ಮಾಮೂಲಿ ವಿಂಡೋದಲ್ಲಿ ‘ಇಂಗ್ಲಿಷನ್ನು ಯಾವಾಗಲೂ ಅನುವಾದಿಸು’ ಎಂದು ಎಂದೋ ಒಮ್ಮೆ ಟಿಕ್ ಮಾಡಿದ್ದರೆ ಅದು ಕೇಳದೆ ಅನುವಾದಿಸುತ್ತದೆ. ಇನ್‌ಕಾಗ್ನಿಟೋದಲ್ಲಿ ಕೇಳದೆ ಮಾಡುವುದಿಲ್ಲ. ಇದು ಬ್ರೌಸರಿನೊಳಗೇ ಇರುವ ಸೌಲಭ್ಯ, ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಪರದೆಯಲ್ಲಿ ಆಟದ ಬಟನ್‌ಗಳ ಹೆಸರು ತೆಲುಗಿನಲ್ಲೋ ಕನ್ನಡದಲ್ಲೋ ಕಾಣುತ್ತಿದ್ದರೆ ಕಳ್ಳ ಸಿಕ್ಕ ಹಾಗೆ.

ಅನುವಾದಕ್ಕೂ 18ಕ್ಕೂ ಏನು ಸಂಬಂಧ? ಆ ಅಂಕಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಆರಿಸಿ. ಅಂಕಿಯ ಸುತ್ತ ‘ಫಾಂಟ್’ ಎಂಬ ಟ್ಯಾಗ್ ಒಂದರೊಳಗೊಂದು ಎರಡು ಸಲ ಕಂಡರೆ ಅದು ಅನುವಾದಕ ಬಿಟ್ಟುಹೋದ ಗುರುತು. ಈಗಿನ ತಾಣದವರು ಆ ಹಳೇ ಟ್ಯಾಗ್ ಬಳಸುವುದು ಕಡಿಮೆ. ಆಟದ ತಾಣ ಪುಟ ಕಟ್ಟುವಾಗ ‘ಹಿಟ್ ಪಾಯಿಂಟ್ ಬರೆಯುವ ಜಾಗ ಇದು’ ಎಂದು ಒಂದು ತುಣುಕನ್ನು ನೆನಪಿಟ್ಟುಕೊಂಡಿರುತ್ತದೆ. ಅನುವಾದಕ ಬಂದು ಆ ತುಣುಕನ್ನು ಕಿತ್ತು, ಅಲ್ಲಿ ತನ್ನದೊಂದನ್ನು ಕೂರಿಸುತ್ತದೆ. ಏಟು ಬಿದ್ದಾಗ ತಾಣ ತನ್ನ ಹಳೆಯ ತುಣುಕಿಗೆ ಹೋಗಿ ಶ್ರದ್ಧೆಯಿಂದ 7 ಎಂದು ಬರೆಯುತ್ತದೆ. ಆದರೆ ಆ ತುಣುಕು ಈಗ ಪುಟದಲ್ಲೇ ಇಲ್ಲ! ನೀವು ನೋಡುತ್ತಿರುವುದು ಅನುವಾದಕ ಇಟ್ಟ 18. ಕೆಲವು ತಾಣಗಳಲ್ಲಿ ಇಡೀ ಪಟ್ಟಿಯೇ ಮಾಯವಾಗುವುದೂ ಇದೇ ಕಾರಣಕ್ಕೆ: ಅಳಿಸಬೇಕಾದ ತುಣುಕು ಇದ್ದಲ್ಲಿ ಇಲ್ಲದಿದ್ದಾಗ ಸ್ಕ್ರಿಪ್ಟ್ ಕೈಚೆಲ್ಲಿ ನಿಲ್ಲುತ್ತದೆ. ತಾಣ ಮಾಡಿದವರು ‘ಇಲ್ಲಿ ಅನುವಾದ ಬೇಡ’ ಎಂಬ ಒಂದು ಗುರುತು ಹಾಕಿದ್ದರೆ ಸಾಕಿತ್ತು. ಎರಡು-ಮೂರು ಭಾಷೆಯಲ್ಲಿ ಬದುಕುವವರು ತಮ್ಮ ಗಿರಾಕಿಗಳಲ್ಲಿ ಇದ್ದಾರೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಪರಿಹಾರ ಸುಲಭ. ವಿಳಾಸಪಟ್ಟಿಯ ಅನುವಾದದ ಚಿಹ್ನೆ ಒತ್ತಿ, ಮೂರು ಚುಕ್ಕಿಯ ಮೆನುವಿನಲ್ಲಿ ‘ಈ ಸೈಟನ್ನು ಎಂದೂ ಅನುವಾದಿಸಬೇಡ’ ಆರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ. ಟೈಪಿಂಗ್ ಎಕ್ಸ್‌ಟೆನ್ಷನ್ನನ್ನು ತೆಗೆದುಹಾಕಬೇಡಿ, ಆಟಕ್ಕೆ ಕೂರುವಾಗ ಇಂಗ್ಲಿಷಿಗೆ ತಿರುಗಿಸಿದರೆ ಸಾಕು. ಅದೂ ಬೇಡವೆಂದರೆ ಕ್ರೋಮ್‌ನಲ್ಲಿ ಆಟಕ್ಕೆಂದೇ ಇನ್ನೊಂದು ಪ್ರೊಫೈಲ್ ತೆರೆಯಿರಿ. ಎಕ್ಸ್‌ಟೆನ್ಷನ್‌ಗಳು ಆಯಾ ಪ್ರೊಫೈಲಿಗೇ ಸೀಮಿತ. ಹೊಸದು ಖಾಲಿ ಮನೆ. ನನ್ನನ್ನು ಕೇಳಿದರೆ ಇದೇ ಒಳ್ಳೆಯದು.

ಮುಂದೆ ಬೇರೇನಾದರೂ ಕೆಟ್ಟರೆ ಒಂದೊಂದೇ ಎಕ್ಸ್‌ಟೆನ್ಷನ್ ಆಫ್ ಮಾಡುತ್ತಾ ಕೂರಬೇಡಿ. ಅರ್ಧದಷ್ಟನ್ನು ಆಫ್ ಮಾಡಿ. ಸರಿಹೋದರೆ ತಪ್ಪಿತಸ್ಥ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಉಳಿದರ್ಧದಲ್ಲಿ. ಹೀಗೆ ಹದಿನಾರು ಇದ್ದರೂ ನಾಲ್ಕೇ ಪರೀಕ್ಷೆಗೆ ಸಿಗುತ್ತಾನೆ. ಎರಡು ಎಕ್ಸ್‌ಟೆನ್ಷನ್‌ಗಳು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದಿದ್ದರೆ ಮಾತ್ರ ಈ ಉಪಾಯ ನಡೆಯದು. ಆಗ ಎಲ್ಲ ಆಫ್ ಮಾಡಿ ಒಂದೊಂದಾಗಿ ಸೇರಿಸುತ್ತಾ ಬರಬೇಕು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಮೇಲೆ ಅನುಮಾನವಿದ್ದರೆ ಎಫ್12 ಒತ್ತಿ ಕನ್ಸೋಲ್ ನೋಡಿ. ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂಬ ಕೆಂಪು ಸಾಲು ಇದ್ದರೆ ನಿಮ್ಮ ಕಡೆಯಿಂದಲೇ ಏನೋ ತಡೆಯಾಗಿದೆ ಎಂದರ್ಥ. ಫೈರ್‌ಫಾಕ್ಸ್‌ನವರಿಗೆ ಸಹಾಯ ಮೆನುವಿನಲ್ಲೇ ‘ಟ್ರಬಲ್‌ಶೂಟ್ ಮೋಡ್’ ಇದೆ.

ಇಷ್ಟೆಲ್ಲ ಮಾಡಿದ ಮೇಲೂ ಆಟದ ನಕ್ಷೆಯ ಒಂದು ಭಾಗ ಕಪ್ಪಗೇ ಇದ್ದರೆ ಲ್ಯಾಪ್‌ಟಾಪ್ ಬಿಟ್ಟು ಕಥೆ ನಡೆಸುವ ಗೆಳೆಯರನ್ನು ವಿಚಾರಿಸಿ. ನೀವಿನ್ನೂ ಕಾಲಿಡದ ಜಾಗ ಕಾಣದಿರಲಿ ಎಂದು ಅವರೇ ಮುಚ್ಚಿಟ್ಟಿರುತ್ತಾರೆ. ಅದಕ್ಕೆ ‘ಫಾಗ್ ಆಫ್ ವಾರ್’ ಎನ್ನುತ್ತಾರೆ. ಅದು ಆಟದ ನಿಯಮ, ಯಾವ ಎಕ್ಸ್‌ಟೆನ್ಷನ್ ತೆಗೆದರೂ ಹೋಗುವುದಿಲ್ಲ.