ಲಾರಿ ಮೈಲೇಜ್: ಎಂಜಿನ್‌ಗಿಂತ ಮೊದಲು ಆಕ್ಸಿಲರೇಟರ್ ನೋಡಿ

ಹೊಸ ಲಾರಿ ಕೊಳ್ಳಲು ಹೋದವರು ಶೋರೂಮಿನಲ್ಲಿ ಮೊದಲು ಕೇಳುವುದೇ "ಮೈಲೇಜ್ ಎಷ್ಟು ಕೊಡುತ್ತೆ?" ಎಂದು. ಅಲ್ಲಿ ಸಿಗುವ ಉತ್ತರವನ್ನು ನಂಬಿ ಬಾಡಿಗೆ ಲೆಕ್ಕ ಹಾಕಿದವರು ಆರು ತಿಂಗಳಲ್ಲಿ ಡ್ರೈವರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಎಂಜಿನ್ ಮುಖ್ಯ, ಇಲ್ಲವೆನ್ನಲಾಗದು. ಆದರೆ ಈಗಿರುವ ಲಾರಿಯಲ್ಲೇ ಉಳಿಸಬಹುದಾದ ಡೀಸೆಲ್ ಎಷ್ಟೆಂದು ತಿಳಿಯದೆ ಎಂಜಿನ್ ಆರಿಸಲು ಹೊರಡುವುದು ದುಬಾರಿ ಆತುರ.

ಮೊದಲು ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆ ಬೇಡ. ಒಂದೇ ಬಂಕ್, ಒಂದೇ ಪಂಪ್, ಸಮತಟ್ಟಾದ ಜಾಗ: ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆದಿಡಿ. ಟ್ರಿಪ್ ಮುಗಿಸಿ ಬಂದು ಅಲ್ಲೇ ಮತ್ತೆ ಫುಲ್ ಮಾಡಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಟ್ರಿಪ್ಪಿನ ಲೆಕ್ಕ ಸಾಲದು, ಮೂರ್ನಾಲ್ಕು ಬೇಕು. ಲೋಡ್ ಇದ್ದಾಗಿನದು ಬೇರೆ, ಖಾಲಿ ವಾಪಸ್ ಬಂದದ್ದು ಬೇರೆ ಇರಲಿ. ಇವೆರಡನ್ನೂ ಕಲಸಿದರೆ ಯಾವುದೂ ತಿಳಿಯುವುದಿಲ್ಲ. 2020ರ ನಂತರದ ಬಿಎಸ್-6 ಲಾರಿಯಾದರೆ ಡಿಇಎಫ್ ಖರ್ಚಿಗೂ ಒಂದು ಕಾಲಂ ಇಟ್ಟುಕೊಳ್ಳಿ.

ವೇಗದ ಲೆಕ್ಕ

ಸಮತಟ್ಟು ರಸ್ತೆಯಲ್ಲಿ ಲಾರಿಯನ್ನು ಹಿಡಿದೆಳೆಯುವುದು ಎರಡು. ಒಂದು, ಟೈರ್ ಉರುಳುವಾಗಿನ ಪ್ರತಿರೋಧ. ಇದು ತೂಕಕ್ಕೆ ತಕ್ಕಂತೆ ಇರುತ್ತದೆ, ವೇಗ ಏರಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಗಾಳಿ, ಇದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60ರಿಂದ 80 ಕಿ.ಮೀ.ಗೆ ಹೋದರೆ ವೇಗ ಏರಿದ್ದು ಮೂರನೇ ಒಂದು ಪಾಲು, ಗಾಳಿಯ ಹೊಡೆತ ಏರಿದ್ದು ಶೇ 78.

ನಮ್ಮ ಹೆದ್ದಾರಿಗಳಲ್ಲಿ ಎಲ್ಲೆಲ್ಲೂ ಕಾಣುವ ಹತ್ತು ಚಕ್ರದ ಲಾರಿಯನ್ನೇ ತೆಗೆದುಕೊಳ್ಳಿ. 2018ರಲ್ಲಿ ಇದರ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಪೂರ್ತಿ ಲೋಡ್ ಇರುವಾಗ 60ರ ವೇಗದಲ್ಲಿ ಎಂಜಿನ್ ಶ್ರಮದ ಮೂರನೇ ಒಂದು ಭಾಗ ಗಾಳಿಗೆ ಹೋಗುತ್ತದೆ. 80ರಲ್ಲಿ ಹತ್ತಿರ ಹತ್ತಿರ ಅರ್ಧ. ಲೆಕ್ಕ ಹಾಕಿದರೆ ಲೀಟರಿಗೆ ನಾಲ್ಕೂಕಾಲು ಕಿ.ಮೀ. ಆಸುಪಾಸಿನಲ್ಲಿದ್ದದ್ದು ಮೂರೂವರೆಗೆ ಇಳಿಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ಈ ದೂರವನ್ನು 75ರ ಬದಲು 60ರಲ್ಲಿ ಓಡಿಸಿದರೆ ಹದಿನೈದು ಲೀಟರಿನಷ್ಟು ಉಳಿಯಬೇಕು. ಹೆಚ್ಚು ಹಿಡಿಯುವುದು ಒಂದು ಗಂಟೆ ಇಪ್ಪತ್ತು ನಿಮಿಷ, ಅದೂ ಕಾಗದದ ಮೇಲೆ. ಟೋಲ್, ಊರೊಳಗಿನ ಸಂದಣಿ, ಡಾಬಾ ಎಲ್ಲ ಸೇರಿದರೆ ಅಂತರ ಇನ್ನೂ ಕಿರಿದು.

ಇಲ್ಲೊಂದು ಮಾತು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. "ಖಾಲಿ ಗಾಡಿ ತಾನೇ" ಎಂದು ವಾಪಸ್ ಬರುವಾಗ ಒತ್ತಿಬಿಡುತ್ತಾರೆ. ಖಾಲಿ ಲಾರಿಗೆ ಟೈರಿನ ಪ್ರತಿರೋಧ ಕಡಿಮೆ, ಗಾಳಿ ಮಾತ್ರ ಅಷ್ಟೇ. ಹಾಗಾಗಿ 60ರಿಂದ 80ಕ್ಕೆ ಏರಿಸಿದಾಗ ಲೋಡ್ ಗಾಡಿಯ ಶ್ರಮ ಕಾಲುಭಾಗ ಹೆಚ್ಚಿದರೆ, ಖಾಲಿ ಗಾಡಿಯದು ಶೇ 40 ದಾಟುತ್ತದೆ. ಡೀಸೆಲ್ ಅದೇ ಪ್ರಮಾಣದಲ್ಲಿ ಏರದಿದ್ದರೂ, ವೇಗಕ್ಕೆ ತೆರುವ ದಂಡ ಖಾಲಿ ಟ್ರಿಪ್ಪಿನಲ್ಲೇ ಜಾಸ್ತಿ. ತಾಡಪಾಲು ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದೂ ಡೀಸೆಲ್ಲೇ. ಹಗ್ಗ ಬಿಗಿಸಿ.

ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ ಕಾನೂನಿನ ಮಿತಿ 80. ಅದು ಮುಟ್ಟಲೇಬೇಕಾದ ಗುರಿಯಲ್ಲ.

ಬ್ರೇಕ್ ತುಳಿದರೆ ಡೀಸೆಲ್ ಹೋಯಿತು

ನಿಂತ 28 ಟನ್ ಲಾರಿಯನ್ನು 60ರ ವೇಗಕ್ಕೆ ತರಲು ಕಾಲು ಲೀಟರಿಗಿಂತ ಹೆಚ್ಚು ಡೀಸೆಲ್ ಬೇಕು. 80ಕ್ಕೆ ಅರ್ಧ ಲೀಟರ್ ದಾಟುತ್ತದೆ. ಟೋಲ್ ಗೇಟಿನವರೆಗೆ ಜೋರಾಗಿ ಬಂದು ಗಕ್ಕನೆ ನಿಲ್ಲಿಸುವ ಡ್ರೈವರ್ ಈ ಅರ್ಧ ಲೀಟರನ್ನು ಬ್ರೇಕ್ ಲೈನರ್ ಬಿಸಿ ಮಾಡಲು ಬಳಸಿದಂತೆ. ಗೇಟು ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಗಾಡಿ ಗೇರಿನಲ್ಲೇ ಉರುಳಿ ಬರಲಿ.

ಗೇರಿನಲ್ಲೇ, ನ್ಯೂಟ್ರಲ್‌ನಲ್ಲಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಹಳೆಯ ಪಂಪ್ ಎಂಜಿನ್ ಕಾಲದಿಂದ ಬಂದ ನಂಬಿಕೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಕುಡಿಯುತ್ತಲೇ ಇರುತ್ತದೆ. ಘಟ್ಟದಲ್ಲಿ ಎಂಜಿನ್ ಹಿಡಿತ ಬಿಟ್ಟು ಬರೀ ಬ್ರೇಕ್ ನಂಬಿದರೆ ಏನಾಗುತ್ತದೆಂದು ಡ್ರೈವರುಗಳಿಗೆ ಹೇಳಿಕೊಡಬೇಕಿಲ್ಲ.

ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯಲ್ಲಿ ಮುಳ್ಳು ನಿಲ್ಲುವಂತೆ, ಆದಷ್ಟು ಮೇಲಿನ ಗೇರಿನಲ್ಲಿ ಓಡಿಸಿ. ಟೈರ್ ಗಾಳಿಯನ್ನು ತಣ್ಣಗಿರುವಾಗ ಚೆಕ್ ಮಾಡಿ.

ಈಗ ಎಂಜಿನ್

2818, 5530 ಎಂಬಂಥ ಹೆಸರುಗಳಲ್ಲಿ ಮೊದಲೆರಡು ಅಂಕಿ ಹೆಚ್ಚುಕಡಿಮೆ ಒಟ್ಟು ತೂಕದ ಟನ್. ಕೊನೆಯ ಎರಡರ ಮುಂದೆ ಸೊನ್ನೆ ಸೇರಿಸಿದರೆ ಅಂದಾಜು ಹಾರ್ಸ್‌ಪವರ್. ಅಂದರೆ 28 ಟನ್‌ಗೆ 180.

ಸಮತಟ್ಟಿನಲ್ಲಿ 60ರ ವೇಗಕ್ಕೆ ಆ ಲಾರಿಯ ಚಕ್ರಕ್ಕೆ ಬೇಕಾದ್ದು 65 ಹಾರ್ಸ್‌ಪವರ್ ಆಸುಪಾಸು, 80ಕ್ಕೆ ನೂರು ಚಿಲ್ಲರೆ. 180 ಧಾರಾಳ. ಅದೇ ಶೇ 5ರ ಏರಿನಲ್ಲಿ 180ರ ಎಂಜಿನ್ ಪೂರ್ತಿ ತುಳಿದರೂ ಗಾಡಿ 27ರ ವೇಗದಲ್ಲಿ ತೆವಳುತ್ತದೆ. 240 ಇದ್ದರೆ 36ರ ಸುಮಾರು.

ಹಾಗಾದರೆ ದೊಡ್ಡ ಎಂಜಿನ್ ಘಟ್ಟದಲ್ಲಿ ಹೆಚ್ಚು ಕುಡಿಯುತ್ತದೆಯೇ? 28 ಟನ್ ಭಾರವನ್ನು ಮಂಗಳೂರಿನ ಕಡಲ ಮಟ್ಟದಿಂದ 900 ಮೀಟರ್‌ಗೂ ಎತ್ತರದ ಸಕಲೇಶಪುರಕ್ಕೆ ಎತ್ತಲಿಕ್ಕೇ ಸುಮಾರು 20 ಲೀಟರ್ ಡೀಸೆಲ್ ಬೇಕು. ಎಂಜಿನ್ ಯಾವುದಾದರೂ ಈ ಇಪ್ಪತ್ತರಲ್ಲಿ ದೊಡ್ಡ ವ್ಯತ್ಯಾಸವಾಗದು. ಡೀಸೆಲ್ ಎಂಜಿನ್ ಚೆನ್ನಾಗಿ ದುಡಿಯುವುದು ಸಾಕಷ್ಟು ಹೊರೆ ಇದ್ದಾಗ, ಮಧ್ಯಮ ಆರ್‌ಪಿಎಂನಲ್ಲಿ. ದೊಡ್ಡ ಎಂಜಿನ್ ನಷ್ಟ ಮಾಡುವುದು ಹಗುರ ಲೋಡಿನ ಸಮತಟ್ಟು ರಸ್ತೆಯಲ್ಲಿ. ಚಿಕ್ಕದು ನಷ್ಟ ಮಾಡುವುದು ದಿನವಿಡೀ ಕೆಳಗಿನ ಗೇರಿನಲ್ಲಿ ಅರಚುವಾಗ.

ಆದ್ದರಿಂದ ನಿಮ್ಮ ಲೋಡು ಹೆಚ್ಚಾಗಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಮಾರ್ಗದ್ದಾದರೆ 180-200ರ ಎಂಜಿನ್ ಸಾಕು. ಶಿರಾಡಿ ಅಥವಾ ಅರಬೈಲು ಘಟ್ಟ ವಾರ ವಾರ ಹತ್ತಬೇಕಿದ್ದರೆ ಹೆಚ್ಚಿನ ಪವರ್‌ಗೆ ಕೊಟ್ಟ ದುಡ್ಡು ಡೀಸೆಲ್‌ನಲ್ಲಿ ವಾಪಸ್ ಬರದಿದ್ದರೂ ಟ್ರಿಪ್ ಸಂಖ್ಯೆಯಲ್ಲಿ ಬರುತ್ತದೆ. ಹಿಂದಿನ ಆಕ್ಸಲ್ ರೇಶಿಯೋ ಕೇಳಲು ಮರೆಯಬೇಡಿ. ಸಂಖ್ಯೆ ದೊಡ್ಡದಿದ್ದರೆ ಏರಿಗೆ ಒಳ್ಳೆಯ ಎಳೆತ, ಹೆದ್ದಾರಿಯಲ್ಲಿ ಹೆಚ್ಚು ಆರ್‌ಪಿಎಂ. ಟಾಪ್ ಗೇರಿನಲ್ಲಿ 60ಕ್ಕೆ ಮುಳ್ಳು ಹಸಿರು ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆಂದು ಟ್ರಯಲ್ ಓಡಿಸಿಯೇ ನೋಡಿ.

ಡ್ರೈವರ್ ಜೊತೆ ಒಪ್ಪಂದ

60ರಲ್ಲಿ ಓಡಿಸೆಂದು ಹೇಳಿ, ಅರ್ಧ ದಾರಿಯಲ್ಲಿ ಫೋನ್ ಮಾಡಿ "ಎಲ್ಲಿದ್ದೀಯಪ್ಪಾ, ಇನ್ನೂ ಬಂದಿಲ್ವಾ?" ಎನ್ನುವ ಮಾಲೀಕರಿಗೆ ಮೈಲೇಜ್ ಸಿಗುವುದಿಲ್ಲ. ತಲುಪುವ ಸಮಯವನ್ನು 60ರ ಲೆಕ್ಕದಲ್ಲೇ ಪಾರ್ಟಿಗೆ ತಿಳಿಸಿ. ಉಳಿಸಿದ ಡೀಸೆಲ್‌ನಲ್ಲಿ ಒಂದು ಪಾಲನ್ನು ಬಾಟಾ ಜೊತೆ ಕೊಡಿ. ಅದಕ್ಕೆ ಲೋಡ್ ಟ್ರಿಪ್ಪಿಗೊಂದು, ಖಾಲಿ ಟ್ರಿಪ್ಪಿಗೊಂದು, ಘಟ್ಟದ ಮಾರ್ಗಕ್ಕೆ ಮತ್ತೊಂದು ಮೈಲೇಜ್ ನಿಗದಿ ಮಾಡಿ. ಶಿರಾಡಿ ಹತ್ತಿ ಬಂದವನನ್ನು ಹುಬ್ಬಳ್ಳಿಗೆ ಹೋಗಿಬಂದವನ ಅಂಕಿಯಿಂದ ಅಳೆದರೆ ಮುಂದಿನ ತಿಂಗಳು ಘಟ್ಟದ ಲೋಡಿಗೆ ಡ್ರೈವರೇ ಸಿಗುವುದಿಲ್ಲ.