ಕಳೆದ ಮೊಬೈಲು, ಟ್ರಂಕಿನಲ್ಲಿರಬೇಕಾದ ಕಾಗದ

ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರಿಗೆ ಮೊಬೈಲು ಈಗ ಬರಿಯ ಮಾತಿನ ಯಂತ್ರವಾಗಿ ಉಳಿದಿಲ್ಲ. ಸಂಬಳ ಜಮೆಯಾದ ಸುದ್ದಿ ಬರುವುದು ಅದರಲ್ಲಿ. ಊರಿನ ತಾಯಿ-ತಂದೆಗೆ ಹಣ ಹೋಗುವುದು ಅದರಿಂದ. ಗಾಡಿಯ ಪಾಸು, ಆಧಾರ್ ಪತ್ರ, ಮಕ್ಕಳ ಶಾಲೆಯ ಸೂಚನೆ ಎಲ್ಲವೂ ಅದರೊಳಗೇ. 2016ರಲ್ಲಿ ಯು.ಪಿ.ಐ. ಪದ್ಧತಿ ಬಂದ ಮೇಲಂತೂ ಕಿಸೆಯ ಹಣದ ಚೀಲವೇ ಮೊಬೈಲಿನೊಳಗೆ ಸೇರಿಕೊಂಡಿತು. ಆದುದರಿಂದ ಮೊಬೈಲು ಕಳೆದ ದಿನ ಅದರ ಬೆಲೆಯಷ್ಟೇ ನಷ್ಟವಾಯಿತೆಂದು ಲೆಕ್ಕ ಹಾಕುವಂತಿಲ್ಲ. ಬ್ಯಾಂಕಿನ ಬೀಗದ ಕೈಯೂ ಅದರ ಜೊತೆಯಲ್ಲಿ ಹೋಗಿರುತ್ತದೆ.

ಇಂಥ ಹೊತ್ತಿನಲ್ಲಿ ಬಹಳ ಜನರನ್ನು ಕಟ್ಟಿಹಾಕುವ ತೊಡಕು ಒಂದೇ. ಕಳೆದ ಮೊಬೈಲನ್ನು ಬಂದ್ ಮಾಡಿಸಲು ಬೇಕಾದ ನಂಬರುಗಳೆಲ್ಲ ಆ ಮೊಬೈಲಿನಲ್ಲೇ ಇರುತ್ತವೆ. ಬ್ಯಾಂಕಿನ ನಂಬರು ಅದರಲ್ಲಿ, ಅಣ್ಣನ ನಂಬರು ಅದರಲ್ಲಿ, ಬಿಲ್ಲಿನ ಫೋಟೋ ಅದರಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದಾದರೆ, ಕಳೆಯುವ ಮೊದಲೇ ಅವನ್ನೆಲ್ಲ ಒಂದು ಕಾಗದದ ಮೇಲೆ ಇಳಿಸಿ ಮನೆಯ ಟ್ರಂಕಿನಲ್ಲಿಡಬೇಕು. ಆ ಕಾಗದವನ್ನು ಹೇಗೆ ಬರೆಯಬೇಕು, ಕಳೆದ ದಿನ ಅದನ್ನು ಹೇಗೆ ಬಳಸಬೇಕು ಎಂಬುದೇ ಈ ಪಾಠ.

ಗಾಡಿಯಲ್ಲಿ ಕಳೆಯುವ ಬಗೆ

ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿ ಬೆಳಗಿನ ಲೋಕಲ್ ಹತ್ತುವವರಿಗೆ ಗದ್ದಲದಲ್ಲಿ ಕಿಸೆ ಕತ್ತರಿಸುವವರ ಪರಿಚಯ ಹೊಸದಲ್ಲ. ಇದಕ್ಕಿಂತ ಕೆಟ್ಟದ್ದು 'ಫಟ್ಕಾ' ಎಂದು ಇಲ್ಲಿ ಹೆಸರಾದ ಕಳ್ಳತನ. ಗಾಡಿ ನಿಧಾನವಾಗುವ ಕಡೆಯಲ್ಲಿ ಹಳಿಯ ಪಕ್ಕದ ಕಂಬದ ಬಳಿ ನಿಂತವನು, ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿರುವವರ ಕೈಗೆ ಕೋಲಿನಿಂದ ಬಲವಾಗಿ ಹೊಡೆಯುತ್ತಾನೆ. ಮೊಬೈಲು ಕೆಳಗೆ ಬೀಳುತ್ತದೆ. ಅವನು ಹೆಕ್ಕಿಕೊಂಡು ಓಡುತ್ತಾನೆ. ಹೋದ ವಸ್ತುವಿನ ಹಿಂದೆ ಗಾಡಿಯಿಂದ ಹಾರಿ ಕೈಕಾಲು ಕಳೆದುಕೊಂಡವರೂ ಜೀವವನ್ನೇ ಕಳೆದುಕೊಂಡವರೂ ಉಂಟು. ವಾಚಕರಲ್ಲಿ ನಮ್ಮ ಮೊದಲ ವಿನಂತಿ ಇದು: ಬಾಗಿಲಲ್ಲಿ ಮೊಬೈಲು ಹೊರಗೆ ತೆಗೆಯಬೇಡಿ; ಹೋದರೆ ಹಾರಬೇಡಿ. ಮೊಬೈಲನ್ನು ಮತ್ತೆ ಕೊಳ್ಳಬಹುದು.

ಫಟ್ಕಾದಲ್ಲಿ ಇನ್ನೊಂದು ಅಪಾಯವಿದೆ. ಕಿಸೆಯಿಂದ ಹೋದ ಮೊಬೈಲಿಗೆ ಬೀಗ ಬಿದ್ದಿರುತ್ತದೆ. ಕೈಯಿಂದ ಹೋದದ್ದು ತೆರೆದಿರುತ್ತದೆ.

ಕಳ್ಳನಿಗೆ ಬೇಕಾದದ್ದು ಏನು

ಕಳ್ಳನು ಸಿಮ್ ಕಾರ್ಡನ್ನು ತೆಗೆದು ಬೇರೆ ಮೊಬೈಲಿಗೆ ಹಾಕಿದನೆಂದು ತಿಳಿಯೋಣ. ಆಗ ನಿಮ್ಮ ನಂಬರಿಗೆ ಬರುವ ಓ.ಟಿ.ಪಿ.ಗಳೆಲ್ಲ ಅವನ ಕೈಗೆ ಬರುತ್ತವೆ. ಯು.ಪಿ.ಐ.ಯಲ್ಲಿ ಹಣ ಕಳಿಸಲು ಗುಪ್ತ ಪಿನ್ ಬೇಕು, ಅದು ಅವನಿಗೆ ಗೊತ್ತಿಲ್ಲ ಎಂದು ನೀವು ಹೇಳಬಹುದು. ಆದರೆ ಹೊಸ ಪಿನ್ ಮಾಡಿಕೊಳ್ಳುವ ದಾರಿಯೂ ಅದರಲ್ಲೇ ಇದೆ. ಸಾಮಾನ್ಯವಾಗಿ ಅದಕ್ಕೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಮುಕ್ತಾಯದ ತಿಂಗಳು-ವರ್ಷ, ಮತ್ತು ನಿಮ್ಮ ನಂಬರಿಗೆ ಬರುವ ಓ.ಟಿ.ಪಿ. ಕೇಳುತ್ತಾರೆ. ಆಧಾರ್ ಮೂಲಕವೂ ಒಂದು ದಾರಿಯುಂಟು.

ನಮ್ಮಲ್ಲಿ ಅನೇಕರು ಮೊಬೈಲಿನ ಹಿಂದಿನ ಕವರಿನಲ್ಲೇ ಡೆಬಿಟ್ ಕಾರ್ಡು ಸಿಕ್ಕಿಸಿಕೊಂಡಿರುತ್ತಾರೆ. ಕಾರ್ಡಿನ ಮತ್ತು ಆಧಾರಿನ ಫೋಟೋಗಳನ್ನು ಮೊಬೈಲಿನಲ್ಲಿ ಇಟ್ಟಿರುತ್ತಾರೆ. ಬೀಗವನ್ನೂ ಕೈಯನ್ನೂ ಒಂದೇ ದಾರದಲ್ಲಿ ಕಟ್ಟಿ ಕಳ್ಳನಿಗೆ ಕೊಟ್ಟಂತೆ ಇದು. ಕಾರ್ಡು ಬೇರೆ ಕಿಸೆಯಲ್ಲಿರಲಿ. ಕಾರ್ಡಿನ ಫೋಟೋವನ್ನು ಇಂದೇ ಅಳಿಸಿಬಿಡಿ.

ಇಂದೇ ಮಾಡಬೇಕಾದ ನಾಲ್ಕು ಕೆಲಸ

ಒಂದನೆಯದು, ಐ.ಎಂ.ಇ.ಐ. ನಂಬರು. ನಂಬರು ಒತ್ತುವ ಜಾಗದಲ್ಲಿ *#06# ಎಂದು ಒತ್ತಿರಿ. ಹದಿನೈದು ಅಂಕಿಯ ಸಂಖ್ಯೆ ಕಾಣಿಸುತ್ತದೆ. ಎರಡು ಸಿಮ್ ಹಾಕುವ ಮೊಬೈಲಿಗೆ ಇಂಥವು ಎರಡು. ಮೋಟಾರು ಗಾಡಿಗೆ ಚಾಸಿಸ್ ನಂಬರು ಇದ್ದಂತೆ ಮೊಬೈಲಿಗೆ ಇದು. ಮೊದಲ ಎಂಟು ಅಂಕಿಗಳು ಅದು ಯಾವ ಮಾದರಿಯೆಂದು ಹೇಳುತ್ತವೆ. ಕೊನೆಯ ಅಂಕಿ ಉಳಿದ ಹದಿನಾಲ್ಕನ್ನು ತಾಳೆ ನೋಡಲು ಇರುವುದು. ಆದುದರಿಂದ ಒಂದು ಅಂಕಿ ತಪ್ಪಾಗಿ ಬರೆದರೂ ಸಂಖ್ಯೆ ತಾಳೆಯಾಗುವುದಿಲ್ಲ. ನಿಧಾನವಾಗಿ ಬರೆದುಕೊಂಡು, ಮತ್ತೊಬ್ಬರಿಂದ ಓದಿಸಿ ನೋಡಿರಿ.

ಎರಡನೆಯದು, ಸಿಮ್ ಬೀಗ. ಮೊಬೈಲಿನ ಪರದೆಗೆ ಬೀಗ ಹಾಕುವುದು ಎಲ್ಲರಿಗೂ ಗೊತ್ತು. ಸಿಮ್ ಕಾರ್ಡಿಗೇ ಬೇರೆ ಬೀಗ ಹಾಕಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸೆಟ್ಟಿಂಗಿನ ಭದ್ರತೆಯ ಭಾಗದಲ್ಲಿ 'ಸಿಮ್ ಲಾಕ್' ಎಂದಿರುತ್ತದೆ. ಇದನ್ನು ಹಾಕಿದರೆ, ಸಿಮ್ ಅನ್ನು ಬೇರೆ ಮೊಬೈಲಿಗೆ ಹಾಕಿದೊಡನೆ ಅದು ಪಿನ್ ಕೇಳುತ್ತದೆ. ಮೊದಲ ಸಲ ಕಂಪನಿ ಇಟ್ಟ ಪಿನ್ ಕೊಡಬೇಕಾಗುವುದು. ಅದನ್ನು ಕಂಪನಿಯ ಅಂಗಡಿಯಲ್ಲಿ ಕೇಳಿ ತಿಳಿಯಿರಿ, ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಕಟ್ಟಿಕೊಳ್ಳುತ್ತದೆ. ಬಿಡಿಸಲು ಎಂಟು ಅಂಕಿಯ 'ಪಿ.ಯು.ಕೆ.' ಸಂಖ್ಯೆ ಬೇಕು. ಅದನ್ನೂ ಹತ್ತು ಸಲ ತಪ್ಪಿದರೆ ಆ ಕಾರ್ಡು ಶಾಶ್ವತವಾಗಿ ಸತ್ತಂತೆಯೇ. ಬಂದ ಓ.ಟಿ.ಪಿ. ಬೀಗ ತೆಗೆಯದೆಯೇ ಪರದೆಯ ಮೇಲೆ ಕಾಣಿಸದಂತೆ ಮಾಡುವ ಸೆಟ್ಟಿಂಗೂ ಇದೆ, ಅದನ್ನೂ ಮಾಡಿಕೊಳ್ಳಿ.

ಮೂರನೆಯದು, ದೂರದಿಂದ ಬೀಗ ಹಾಕುವ ಏರ್ಪಾಡು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸೆಟ್ಟಿಂಗಿನ ಗೂಗಲ್ ಭಾಗದೊಳಗೆ 'ಥೆಫ್ಟ್ ಪ್ರೊಟೆಕ್ಷನ್' ಎಂಬುದುಂಟು. 2024ರಲ್ಲಿ ಬಂದ ಈ ಏರ್ಪಾಡು ಆಂಡ್ರಾಯ್ಡ್ 10 ಮತ್ತು ಅದರ ಮುಂದಿನವುಗಳಿಗೆ ದೊರೆಯುತ್ತದೆ. ಅದರಲ್ಲಿ ಒಂದು ಗುಂಡಿ, ಮೊಬೈಲನ್ನು ಯಾರೋ ಕಿತ್ತುಕೊಂಡು ಓಡಿದಂತೆ ಅಲುಗಿದರೆ ತಾನಾಗಿ ಪರದೆಗೆ ಬೀಗ ಹಾಕುವುದು. ಎರಡನೆಯದು, ಸ್ನೇಹಿತರ ಮೊಬೈಲಿನಿಂದ ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಎಂಬಲ್ಲಿಗೆ ಹೋಗಿ ನಿಮ್ಮ ನಂಬರು ಕೊಟ್ಟು ಬೀಗ ಹಾಕುವುದು. ಫಟ್ಕಾದ ಊರಿನಲ್ಲಿರುವ ನಮಗೆ ಇವೆರಡೂ ಬಹಳ ಉಪಯೋಗದವು. ಮುಂಚಿತವಾಗಿ ತೆರೆದಿಟ್ಟಿರಬೇಕು ಅಷ್ಟೆ. ಐಫೋನಿನಲ್ಲಿ 'ಫೈಂಡ್ ಮೈ' ಮತ್ತು 'ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್' ತೆರೆದಿಡಿ.

ನಾಲ್ಕನೆಯದು, ಗೂಗಲ್ ಖಾತೆಯ ಬದಲಿ ಸಂಖ್ಯೆಗಳು. ಎರಡು ಹಂತದ ಭದ್ರತೆ ಇಟ್ಟುಕೊಂಡವರು ಬೇರೆ ಮೊಬೈಲಿನಿಂದ ತಮ್ಮ ಖಾತೆ ತೆರೆಯಹೋದರೆ, ಒಪ್ಪಿಗೆ ಕೇಳುವ ಸೂಚನೆ ಕಳೆದ ಮೊಬೈಲಿಗೇ ಹೋಗುತ್ತದೆ! ಇದಕ್ಕಾಗಿಯೇ ಗೂಗಲ್ ಹತ್ತು ಬದಲಿ ಸಂಖ್ಯೆಗಳನ್ನು ಕೊಡುತ್ತದೆ. ಪ್ರತಿಯೊಂದೂ ಎಂಟು ಅಂಕಿಯದು, ಒಂದೇ ಸಲಕ್ಕೆ ನಡೆಯುವುದು. ಖಾತೆಯ ಭದ್ರತೆಯ ಭಾಗದಲ್ಲಿ 'ಬ್ಯಾಕಪ್ ಕೋಡ್ಸ್' ಎಂದು ಹುಡುಕಿ ಬರೆದುಕೊಳ್ಳಿರಿ.

ಕಾಗದದಲ್ಲಿ ಬರೆಯಬೇಕಾದದ್ದು

1. ಎರಡೂ ಐ.ಎಂ.ಇ.ಐ. ಸಂಖ್ಯೆ, ಮೊಬೈಲಿನ ಕಂಪನಿ, ಮಾದರಿ, ಬಣ್ಣ. ಬಿಲ್ಲಿನ ಪ್ರತಿಯನ್ನು ಇದಕ್ಕೆ ಲಗತ್ತಿಸಿರಿ.

2. ಸಿಮ್ ಕಂಪನಿಯ ಗ್ರಾಹಕ ಸೇವೆಯ ಪೂರ್ಣ ನಂಬರು. ಮೂರಂಕಿಯ ಸಣ್ಣ ನಂಬರನ್ನು ಬೇರೆ ಕಂಪನಿಯ ಮೊಬೈಲಿನಿಂದ ಒತ್ತಿದರೆ ಆ ಬೇರೆ ಕಂಪನಿಗೇ ಹೋಗುತ್ತದೆ.

3. ಬ್ಯಾಂಕಿನ ದೂರು ನಂಬರು. ಖಾತೆಯ ಕೊನೆಯ ನಾಲ್ಕು ಅಂಕಿ.

4. ಗೂಗಲ್ ಖಾತೆಯ ವಿಳಾಸ. ಬದಲಿ ಸಂಖ್ಯೆಗಳನ್ನು ಬೇರೊಂದು ಚೀಟಿಯಲ್ಲಿ ಬರೆದು ಬೇರೆ ಕಡೆ ಇಡಿ. ನಾಲ್ಕಾರು ಜನ ಸೇರಿ ಖೋಲಿಯಲ್ಲಿರುವವರಿಗೆ ಇದು ಅಗತ್ಯ.

5. ಮನೆಯವರ, ಊರಿನವರ, ಒಬ್ಬ ನೆರೆಯವರ ನಂಬರು. ಇವುಗಳಲ್ಲಿ ಒಂದನ್ನಾದರೂ ಬಾಯಿಪಾಠ ಮಾಡಿರಿ.

6. ಹಣ ಹೋದರೆ 1930. ರೈಲ್ವೆ ಪೊಲೀಸರಿಗೆ 1512. ಮೊಬೈಲು ಬಂದ್ ಮಾಡಿಸುವ ಸರಕಾರಿ ವ್ಯವಸ್ಥೆಯ ಸಹಾಯಕ್ಕೆ 14422.

ಯು.ಪಿ.ಐ. ಪಿನ್, ಎ.ಟಿ.ಎಂ. ಪಿನ್, ಪಾಸ್‌ವರ್ಡುಗಳನ್ನು ಈ ಕಾಗದದಲ್ಲಿ ಬರೆಯಕೂಡದು.

ಇಲ್ಲಿಯೇ ಇನ್ನೊಂದು ವಿಷಯವನ್ನು ವಿಚಾರಿಸಿಕೊಳ್ಳಬೇಕು. ನಿಮ್ಮ ಸಿಮ್ ಯಾರ ಹೆಸರಿನಲ್ಲಿದೆ? ಬಂದ ಹೊಸದರಲ್ಲಿ ಅಣ್ಣನ ಹೆಸರಿನಲ್ಲೋ ಹೋಟೆಲಿನ ಜೊತೆಗಾರನ ಹೆಸರಿನಲ್ಲೋ ತೆಗೆದುಕೊಂಡ ಸಿಮ್ ಇದ್ದರೆ, ಕಳೆದ ಮೇಲೆ ಬದಲಿ ಸಿಮ್ ಪಡೆಯಲು ಆ ಹೆಸರಿನವರೇ ಗುರುತಿನ ಚೀಟಿಯೊಡನೆ ಬರಬೇಕಾಗುತ್ತದೆ. ಅವರು ವಿಜಾಪುರದಲ್ಲೋ ಕುಂದಾಪುರದಲ್ಲೋ ಇದ್ದರೆ ನಿಮ್ಮ ಬ್ಯಾಂಕು ಅಷ್ಟು ದಿನ ಮೂಕವಾಗಿರುತ್ತದೆ. ಸಾಧ್ಯವಾದಷ್ಟು ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕರ್ನಾಟಕದ ನಂಬರನ್ನೇ ಇಟ್ಟುಕೊಂಡವರು, ಅದಕ್ಕೆ ಇಲ್ಲಿಯ ಅಂಗಡಿಯಲ್ಲಿ ಬದಲಿ ಸಿಮ್ ಕೊಡುವರೋ ಊರಿಗೇ ಹೋಗಬೇಕೋ ಎಂದು ಈಗಲೇ ಕೇಳಿ ತಿಳಿಯುವುದು ಒಳ್ಳೆಯದು.

ಕಳೆದ ದಿನ ಮಾಡಬೇಕಾದದ್ದು

ಮೊದಲು, ಜೊತೆಯವರ ಮೊಬೈಲಿನಿಂದ ನಿಮ್ಮದಕ್ಕೆ ದೂರದ ಬೀಗ ಹಾಕಿರಿ. ಸಿಮ್ ಬಂದ್ ಆದಮೇಲೆ ಮೊಬೈಲಿಗೆ ಇಂಟರ್‌ನೆಟ್ ತಪ್ಪಿ ಈ ಬೀಗ ತಲುಪದೇ ಹೋಗಬಹುದು. ಆದುದರಿಂದ ಇದು ಮೊದಲು. ಎರಡು-ಮೂರು ನಿಮಿಷದಲ್ಲಿ ಆಗದಿದ್ದರೆ ಇದನ್ನು ಬಿಟ್ಟು ಮುಂದಕ್ಕೆ ಹೋಗಿರಿ.

ಎರಡನೆಯದಾಗಿ ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿರಿ. ಮೂರನೆಯದಾಗಿ ಬ್ಯಾಂಕಿಗೆ ಹೇಳಿ ಯು.ಪಿ.ಐ., ಕಾರ್ಡು, ನೆಟ್ ಬ್ಯಾಂಕಿಂಗ್ ನಿಲ್ಲಿಸಿರಿ. ದೂರಿನ ನಂಬರು ಮತ್ತು ಗಂಟೆ-ನಿಮಿಷ ಬರೆದುಕೊಳ್ಳಿ. ಈ ಗಂಟೆಗೆ ಬೆಲೆಯಿದೆ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗ್ರತೆಯಿಂದಲೇ ಹಣ ಹೋಗಿದ್ದರೂ ಅವನು ಬ್ಯಾಂಕಿಗೆ ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಿರಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ತಡೆದರೆ ಮಾತ್ರ ಉಳಿಯುವ ಆಸೆ.

ನಾಲ್ಕನೆಯದು ಪೊಲೀಸು ದೂರು. ಸ್ಟೇಷನ್ನಿನಲ್ಲಿ ಕಾಣುವ ಆರ್.ಪಿ.ಎಫ್. ಕೇಂದ್ರದ್ದು, ಕಳ್ಳತನದ ದೂರು ಬರೆದುಕೊಳ್ಳುವವರು ರಾಜ್ಯದ ರೈಲ್ವೆ ಪೊಲೀಸರು, ಮರಾಠಿಯಲ್ಲಿ 'ಲೋಹಮಾರ್ಗ ಪೋಲೀಸ್'. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳಲ್ಲಿ ಅವರ ಠಾಣೆಗಳಿವೆ. ಮುಂಬ್ರಾದ ಬಳಿ ಕಳೆದದ್ದಕ್ಕೆ ಕಲ್ಯಾಣದಲ್ಲಿ ದೂರು ಕೊಡಬಹುದೇ? ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಇಂಥ ಅಪರಾಧದ ಮಾಹಿತಿಯನ್ನು ಯಾವ ಹದ್ದಿನಲ್ಲಿ ನಡೆದಿದ್ದರೂ ಸ್ವೀಕರಿಸಬೇಕು. ದೂರುದಾರನಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಭಾಷೆ ಬಾರದವರು ಮೂರು ಮರಾಠಿ ಮಾತುಗಳನ್ನು ಕಲಿತಿರಲಿ. 'ಗಹಾಳ' ಎಂದರೆ ಎಲ್ಲೋ ಕಳೆದುಹೋದದ್ದು. 'ಚೋರಿ' ಎಂದರೆ ಕದ್ದದ್ದು. 'ಹಿಸಕಾವೂನ್ ನೇಲಾ' ಎಂದರೆ ಕಿತ್ತುಕೊಂಡು ಹೋದದ್ದು. ಕಾನೂನಿನಲ್ಲಿ ಇವು ಒಂದೇ ಅಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೆಯ ಕಲಮು, ಕಿತ್ತುಕೊಳ್ಳುವುದಕ್ಕೆ 304ನೆಯ ಕಲಮು. ಕೈಯಿಂದ ಕಿತ್ತುಕೊಂಡದ್ದನ್ನು 'ಗಹಾಳ' ಎಂದು ಬರೆಸಿ ಸಹಿ ಹಾಕಬೇಡಿ. ಓದಿಸಿ ಕೇಳಿದ ಮೇಲೆ ಸಹಿ ಮಾಡಿರಿ.

ಐದನೆಯದಾಗಿ ಅದೇ ನಂಬರಿನ ಬದಲಿ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ ಜೀವಂತವಾದ ಮೇಲೆ ಇಪ್ಪತ್ತನಾಲ್ಕು ಗಂಟೆ ಅದಕ್ಕೆ ಎಸ್.ಎಂ.ಎಸ್. ಬರುವುದಿಲ್ಲ. ಇದು ಕೆಟ್ಟದ್ದಲ್ಲ, ಕಳ್ಳ ಸಿಮ್ಮಿನಿಂದ ಮೋಸವಾಗದಿರಲೆಂದು ಇಟ್ಟ ನಿಯಮ, ಗಾಬರಿಯಾಗಬೇಡಿ.

ಆರನೆಯದು ಮೊಬೈಲನ್ನೇ ಬಂದ್ ಮಾಡಿಸುವುದು. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯ ಸಿ.ಇ.ಐ.ಆರ್. ಎಂಬ ವ್ಯವಸ್ಥೆ 2019ರಲ್ಲಿ ಪ್ರಯೋಗಾರ್ಥವಾಗಿ ಮೊದಲಾದದ್ದು ನಮ್ಮ ಈ ಮಹಾರಾಷ್ಟ್ರದಲ್ಲೇ. 2023ರ ಮೇಯಲ್ಲಿ 'ಸಂಚಾರ ಸಾಥಿ' ಎಂಬ ಹೆಸರಿನ ತಾಣದ ಮೂಲಕ ದೇಶಕ್ಕೆಲ್ಲ ಬಂತು. ಅಲ್ಲಿ ಐ.ಎಂ.ಇ.ಐ., ಪೊಲೀಸು ದೂರಿನ ಪ್ರತಿ, ಗುರುತಿನ ಚೀಟಿ ಕೊಟ್ಟು, ಬಂದ ಓ.ಟಿ.ಪಿ. ತುಂಬಬೇಕು. ಆಮೇಲೆ ಆ ಮೊಬೈಲು ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯದು. ಯಾರಾದರೂ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಮೊಬೈಲು ಮರಳಿ ಸಿಕ್ಕರೆ ಅಲ್ಲಿಯೇ ಬಿಡಿಸಿಕೊಳ್ಳಬಹುದು. ಆಗ ಬೇಕಾಗುವ ಅರ್ಜಿಯ ನಂಬರನ್ನು ಅದೇ ಕಾಗದದಲ್ಲಿ ಬರೆದಿಡಿ.

ಕೊನೆಯ ಎಚ್ಚರಿಕೆ. ಕೆಲ ದಿನಗಳ ಮೇಲೆ ಹೊಸ ಸಿಮ್ಮಿಗೆ 'ನಿಮ್ಮ ಮೊಬೈಲು ಸಿಕ್ಕಿದೆ, ಇಲ್ಲಿ ಒತ್ತಿ ಪಾಸ್‌ವರ್ಡು ಕೊಡಿ' ಎಂಬ ಸಂದೇಶ ಬರಬಹುದು. ಬೀಗ ಬಿದ್ದ ಮೊಬೈಲನ್ನು ಮಾರಲಾಗದ ಕಳ್ಳರು ಹೂಡುವ ಹೂಟ ಅದು. ಮೊಬೈಲು ಸಿಕ್ಕಿದ್ದರೆ ಪೊಲೀಸರು ಠಾಣೆಗೆ ಕರೆಯುವರು, ಪಾಸ್‌ವರ್ಡು ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹೋದ ಮೊಬೈಲು ಬಂದೇ ತೀರುವುದೆಂದು ನಾವು ಭರವಸೆ ಕೊಡಲಾರೆವು. ತಿಂಗಳೆಲ್ಲ ದುಡಿದ ಹಣ ಅದರ ಹಿಂದೆ ಹೋಗದಂತೆ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಈ ಭಾನುವಾರ ವಾಚನಾಲಯಕ್ಕೆ ಬರುವಾಗ ಒಂದು ಹಾಳೆ, ಒಂದು ಪೆನ್ನು ತನ್ನಿರಿ. ಅಕ್ಷರ ಬಾರದ ಜೊತೆಗಾರರಿದ್ದರೆ ಅವರನ್ನೂ ಕರೆತನ್ನಿ. ಅವರ ಕಾಗದವನ್ನು ಬರೆದುಕೊಟ್ಟ ಮೇಲೆ ನಿಮ್ಮದನ್ನು ಬರೆದುಕೊಳ್ಳಿರಿ.